ತಂಗಿ ತಿನ್ನದ ಪೇಡೆ

ನನ್ನ ತಂಗಿಯನ್ನು ಎತ್ತಿಕೊಂಡು ಮನೆಯೊಳಗೆ ಒಯ್ಯದವರು ನಮ್ಮ ಬಳಗದಲ್ಲಿ ಯಾರೂ ಇಲ್ಲ. ಸಣ್ಣವಳಿದ್ದಾಗ ಪೋಲಿಯೋ ಆಗಿ ಅವಳ ಎರಡೂ ಕಾಲು ಹೋದವು. ಮೊದಲು ಅಪ್ಪನ ಹೆಗಲು, ಅವ್ವನ ಸೊಂಟ. ಅವ್ವ ಹೋದ ಮೇಲೆ, ಅಪ್ಪನಿಗೂ ವಯಸ್ಸಾದ ಮೇಲೆ, ನನ್ನ ಮತ್ತು ನನ್ನ ಗಂಡನ ಕೈ. ನಾನು ಚಿಕ್ಕೋಡಿಯಲ್ಲಿ ಸರಕಾರಿ ಶಾಲೆಯ ಶಿಕ್ಷಕಿ. ತಂಗಿ ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಬಾಡಿಗೆಗೆ ಇದ್ದು ಬ್ಲೌಸ್ ಹೊಲಿಯುತ್ತಿದ್ದಳು. ಮದುವೆ ಸೀಜನ್ನಿನಲ್ಲಿ ನಿಪ್ಪಾಣಿಯಿಂದಲೂ ಹೆಣ್ಣುಮಕ್ಕಳು ಬಂದು ಅವಳ ಮುಂದೆ ಬಟ್ಟೆಯ ಗಂಟು ಇಟ್ಟು ಹೋಗುತ್ತಿದ್ದರು.

ಅಷ್ಟು ಕೈ ನಡೆಯುವ ಹೆಂಗಸು, ಮನೆಯ ಹೊರಗೆ ಬರಬೇಕಾದರೆ ಮಾತ್ರ ನನ್ನ ಶಾಲೆ ಬಿಡುವುದನ್ನೇ ಕಾಯಬೇಕಿತ್ತು. ನಮ್ಮ ಕಡೆ ಮೆಟ್ಟಿಲಿಲ್ಲದ ಮನೆ ಎಲ್ಲಿದೆ ಹೇಳಿ! ಕರಿ ಮಣ್ಣು, ಮಳೆ ಬಂದರೆ ರಸ್ತೆಯ ನೀರು ಒಳಗೆ ನುಗ್ಗುತ್ತದೆ ಎಂದು ಎಲ್ಲರೂ ಎತ್ತರಕ್ಕೆ ಕಟ್ಟುತ್ತಾರೆ. ಅವಳ ಬಾಡಿಗೆ ಮನೆಗೆ ನಾಲ್ಕು ಮೆಟ್ಟಿಲು. ಬೀದಿಯಲ್ಲಿ ಐಸ್‌ಕ್ರೀಮ್ ಗಾಡಿ ಬಂದರೂ ಅವಳು ಕಿಟಕಿಯಿಂದಲೇ ಕೂಗಿ ತರಿಸಿಕೊಳ್ಳಬೇಕು. ಒಂದು ಸಂಜೆ ನಾನೂ ನನ್ನ ಗಂಡನೂ ಅವಳನ್ನು ಎತ್ತಿ ಒಳಗೆ ಕೂಡಿಸುವಾಗ ಅವಳ ಸೀರೆ ಮೊಣಕಾಲಿನ ಮೇಲಕ್ಕೆ ಸರಿಯಿತು. ಎದುರು ಮನೆಯ ಗಂಡಸರು ಕಟ್ಟೆಯ ಮೇಲೆ ಕೂತಿದ್ದರು. ಒಳಗೆ ಹೋದ ಮೇಲೆ ಸೀರೆ ಸರಿಮಾಡಿಕೊಳ್ಳುತ್ತ ಅವಳು ಅಂದಳು:

"ಅಕ್ಕಾ, ನನಗ ಒಂದ ಮನಿ ಬೇಕ. ಯಾರ ಕೈನೂ ಹಿಡೀದನ ನಾ ಒಬ್ಬಾಕಿನ ಒಳಗ ಹೋಗಬೇಕ, ಒಬ್ಬಾಕಿನ ಹೊರಗ ಬರಬೇಕ. ಮತ್ತೇನೂ ಬ್ಯಾಡ."

ಅವಳ ಹೊಲಿಗೆಯ ಉಳಿತಾಯ, ಅಪ್ಪ ಅವಳ ಪಾಲಿಗೆಂದು ತೆಗೆದಿಟ್ಟಿದ್ದು, ನನ್ನ ಸಾಲ ಎಲ್ಲ ಕೂಡಿದರೆ ಊರ ಹೊರಗೆ ಹೊಸದಾಗಿ ಕಟ್ಟುತ್ತಿದ್ದ ಸಾಲುಮನೆಗಳಲ್ಲಿ ಒಂದು ಕೈಗೆಟಕುವಂತಿತ್ತು. ಮನೆ ಅವಳ ಹೆಸರಿನಲ್ಲೇ ಆಗಬೇಕೆಂದು ನಾನು ಹಟ ಹಿಡಿದೆ.

ಬಿಲ್ಡರ್ ನನಗಿಂತ ಚಿಕ್ಕವನು. ಕಬ್ಬಿನ ಹೊಲದ ಮನೆತನ, ಬಿಳಿ ಶರಟು, ಕೈಯಲ್ಲಿ ಎರಡು ಮೊಬೈಲು, ಮಾತು ಅರ್ಧ ಮರಾಠಿ, ಅರ್ಧ ಕನ್ನಡ. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡುತ್ತಿದ್ದ. ದೀಪಾವಳಿ ಪಾಡ್ಯದ ದಿನ ಬುಕ್ ಮಾಡಿದವರಿಗೆ ಬಂಗಾರದ ನಾಣ್ಯ, ಮಾಡ್ಯುಲರ್ ಕಿಚನ್, ಇನ್ವರ್ಟರ್ ಎಲ್ಲ ಫುಕಟ್ ಎಂದು ರಸ್ತೆಯುದ್ದಕ್ಕೂ ಬೋರ್ಡ್ ಹಾಕಿಸಿದ್ದ. ಮೂಗಿಗೆ ತುಪ್ಪ ಸವರುವವರನ್ನು ಕಂಡರೆ ನನಗೆ ಮೊದಲೇ ಆಗುವುದಿಲ್ಲ. ಆದರೆ ಆ ಆಫರ್ ನೋಡಿಯೇ ನನಗೊಂದು ಉಪಾಯ ಹೊಳೆಯಿತು: ಅವೆಲ್ಲ ನಮಗೆ ಬೇಡ, ಅವುಗಳ ಬದಲು ನಮಗೆ ಬೇಕಾದದ್ದನ್ನು ಕಟ್ಟಿಕೊಡು ಎಂದು ಕೇಳುವುದು. ಗೇಟಿನಿಂದ ಬಾಗಿಲಿನವರೆಗೆ ರ‍್ಯಾಂಪು, ಗಾಲಿಕುರ್ಚಿ ಹೋಗುವಷ್ಟು ಅಗಲದ ಬಚ್ಚಲ ಬಾಗಿಲು, ನೆಲಕ್ಕೆ ಸಮನಾದ ಹೊಸ್ತಿಲು. ಇಷ್ಟೇ.

ಮಾತಾಡಲು ಅಪ್ಪನನ್ನು ಊರಿನಿಂದ ಕರೆಸಿದೆವು. ಕಾಗವಾಡದ ಕಡೆ ನಮ್ಮದು ದ್ರಾಕ್ಷಿ ತೋಟ. ಹಣ್ಣಿಗೆ ಬಣ್ಣ ಬರುವ ಹೊತ್ತಿಗೆ ಸಾಂಗಲಿ, ಮಿರಜಿನ ವ್ಯಾಪಾರಿಗಳು ತೋಟಕ್ಕೇ ಬರುತ್ತಾರೆ. ಅಲ್ಲಿ ಕಾಗದ ಪತ್ರ ಏನೂ ಇಲ್ಲ. ಬಳ್ಳಿಯ ಕೆಳಗೆ ನಿಂತು ದರ ಮಾತಾಡುವುದು, ಕುದುರಿದರೆ ಇಬ್ಬರೂ ಬಾಯಿ ಸಿಹಿ ಮಾಡಿಕೊಳ್ಳುವುದು. ಸಕ್ಕರೆಯಾದರೂ ಸರಿ, ಪೇಡೆಯಾದರೂ ಸರಿ, ಬಾಯಿಗೆ ಬಿತ್ತೆಂದರೆ ಮಾತು ಮುಗಿಯಿತು. ಆಮೇಲೆ ಒಬ್ಬರೂ ಚಕಾರ ಎತ್ತುವ ಹಾಗಿಲ್ಲ. ಒಂದು ವರ್ಷ ಅಪ್ಪ ಬೆಳಿಗ್ಗೆ ಒಬ್ಬನ ಕೈಯಿಂದ ಸಕ್ಕರೆ ತಿಂದ, ಸಂಜೆ ಇನ್ನೊಬ್ಬ ಬಂದು ಬಹಳ ಹೆಚ್ಚಿನ ದರ ಹೇಳಿದ. ಅಪ್ಪ ಅವನಿಗೆ ಚಹಾ ಕುಡಿಸಿ ಕಳಿಸಿದ. ಅವ್ವ ಅಪ್ಪನ ಜೊತೆ ಎಷ್ಟೋ ದಿನ ಮಾತು ಬಿಟ್ಟಿದ್ದಳು. "ಮಾತ ಆಡಿದ್ರ ಹೋತು, ಮುತ್ತ ಒಡದ್ರ ಹೋತು" ಎಂದು ಅಪ್ಪ ಗೋಡೆಗೆ ಹೇಳಿದಂತೆ ಹೇಳಿಕೊಂಡು ತಿರುಗುತ್ತಿದ್ದ.

ಪಾಡ್ಯದ ದಿನ ಬಿಲ್ಡರನ ಆಫೀಸಿಗೆ ಹೋದೆವು. ಅದಕ್ಕೂ ಮೆಟ್ಟಿಲು! ತಂಗಿ ತನ್ನ ಹೆಚ್ಚಿನ ಗಾಲಿಗಳ ಸ್ಕೂಟರಿನಲ್ಲಿ ಹೊರಗೆ ಬೇವಿನ ಗಿಡದ ಕೆಳಗೇ ಉಳಿದಳು. ಆಫೀಸಿನ ಬಾಗಿಲು ತೆರೆದಿತ್ತು, ಒಳಗಿನ ಮಾತು ಅವಳಿಗೆ ಕೇಳುತ್ತಿತ್ತು.

ನಾನು ಮೊದಲು ಬಚ್ಚಲ ಬಾಗಿಲಿನ ಮಾತು ತೆಗೆದೆ. ಗೋಡೆ ಇನ್ನೂ ಎದ್ದಿಲ್ಲ, ಮಾಡೋಣ ಎಂದ. ಹೊಸ್ತಿಲಿನ ಮಾತಿಗೆ ಸ್ವಲ್ಪ ಎಳೆದ.

"ಹೊಸ್ತಿಲ ಎತ್ತರ ಇರಲಿಲ್ಲಂದ್ರ ಹೆಂಗ್ರಿ ಅಕ್ಕೋರ? ನಾಳೆ ಪೂಜಿ ಯಾವುದಕ್ಕ ಮಾಡತೀರಿ?"

"ನೆಲದಾಗ ಇದ್ರೂ ಹೊಸ್ತಿಲ ಹೊಸ್ತಿಲನ ಅಲ್ರೀ? ಅರಿಶಿಣ ಕುಂಕುಮ ಜಾರಿ ಹೋಗತಾವೇನ?" ಅಂದೆ.

ಅವನು ನಕ್ಕು ಅಪ್ಪನ ಕಡೆ ತಿರುಗಿದ. "ಕಾಕಾ, ನಿಮ್ಮ ಮಗಳು ಸಾಲ್ಯಾಗ ಹುಡುಗ್ರನ್ನ ಹೆಂಗ ಇಟ್ಟಾರ ನನಗ ಗೊತ್ತಾತ ಬಿಡ್ರಿ. ಆತು, ಹೊಸ್ತಿಲಾನೂ ನೆಲಕ್ಕ ಸಮ."

"ರ‍್ಯಾಂಪ?" ಅಪ್ಪ ಕೇಳಿದ.

"ಅದೇನ ದೊಡ್ಡ ಮಾತ ಕಾಕಾ! ರ‍್ಯಾಂಪ ಕೊಟ್ಟೇ ಕೊಡತೀನಿ. ಕಿಚನ್, ಇನ್ವರ್ಟರ್ ಬ್ಯಾಡ ಅಂತೀರಿ, ಬಿಡ್ರಿ. ನಾಣ್ಯಾ ಅಷ್ಟ ಇರ್ಲಿ, ಹಬ್ಬದ್ದು."

ನನಗೆ ಒಳಗೊಳಗೇ ಏನೋ ಚುಚ್ಚಿತು. ಹೊಸ್ತಿಲಿಗೆ ಅಷ್ಟು ಎಳೆದಾಡಿದವನು ರ‍್ಯಾಂಪಿಗೆ ಇಷ್ಟು ಸಲೀಸಾಗಿ ಹೂಂ ಅಂದನಲ್ಲ? ಎಷ್ಟು ಉದ್ದ, ಎಲ್ಲಿಂದ ಎಲ್ಲಿಗೆ ಎಂದು ಕೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಪೇಡೆಯ ಡಬ್ಬಿ ತೆಗೆದು ಅಪ್ಪನ ಮುಂದೆ ಹಿಡಿದಾಗಿತ್ತು. "ಘ್ಯಾ ಕಾಕಾ, ತೋಂಡ್ ಗೋಡ್ ಕರಾ" ಎಂದು ಮರಾಠಿಯಲ್ಲಿ ಬಾಯಿ ಸಿಹಿ ಮಾಡಿಕೊಳ್ಳಲು ಹೇಳಿದ. "ಅಪ್ಪಾ, ತಡಿ" ಎಂದು ನಾನು ಅನ್ನುವಷ್ಟರಲ್ಲಿ ಅಪ್ಪ ಪೇಡೆ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ್ದ. ಸಕ್ಕರೆ ಕಾಯಿಲೆ ಬೇರೆ ಅವನಿಗೆ, ಸಿಹಿ ಕಂಡರೆ ಮಗುವಾಗುತ್ತಾನೆ.

ಬಿಲ್ಡರ್ ಡಬ್ಬಿ ಹಿಡಿದು ಮೆಟ್ಟಿಲಿಳಿದು ತಂಗಿಯ ಬಳಿಗೂ ಹೋದ. ಅವಳು ಒಂದು ಪೇಡೆಯನ್ನೂ ಮುಟ್ಟಲಿಲ್ಲ.

"ನಾ ನನ್ನ ಮನ್ಯಾಗ ಹೋದಮ್ಯಾಲ ತಿಂತೀನ್ರಿ," ಅಂದಳು. "ಅಲ್ಲೀತನಕಾ ಡಬ್ಬಿ ಮುಚ್ಚಿ ಇಡ್ರಿ."

ಎಲ್ಲರೂ ನಕ್ಕೆವು. ಅವಳು ನಗಲಿಲ್ಲ.

ಚಳಿಗಾಲ ಕಳೆಯಿತು. ಶಾಲೆ, ಪರೀಕ್ಷೆ ಎಂದು ನನಗೆ ಕಟ್ಟಡದ ಕಡೆ ಹೋಗಲು ಆಗಿದ್ದೇ ಕಡಿಮೆ. ಹೋದಾಗ ಬಚ್ಚಲ ಬಾಗಿಲು ಅಳೆದು ನೋಡಿ ಸಮಾಧಾನದಿಂದ ಬರುತ್ತಿದ್ದೆ. ಯುಗಾದಿಗೆ ಸ್ವಲ್ಪ ಮುಂಚೆ ಬಿಲ್ಡರ್ ಫೋನ್ ಮಾಡಿದ. ರ‍್ಯಾಂಪು ಆಗಿದೆ, ಬಂದು ನೋಡಿ, ಪಾಡ್ಯದ ಮರುದಿನ ರಜಿಸ್ಟರ್ ಮುಗಿಸೋಣ ಎಂದ. ಅಪ್ಪನೂ ಊರಿನಿಂದ ಬಂದ. ತಂಗಿ ಬೆಳಿಗ್ಗೆಯೇ ತಲೆಗೆ ಎರೆದುಕೊಂಡು ಹಸಿರು ಸೀರೆ ಉಟ್ಟು ಕಾಯುತ್ತಿದ್ದಳು.

ಮನೆಯ ಮುಂದೆ ಹೋಗಿ ನಿಂತು ನೋಡಿದೆ. ಮೆಟ್ಟಿಲುಗಳ ಪಕ್ಕದಲ್ಲಿ ಒಂದು ಮೊಳದಗಲದ ಸಿಮೆಂಟಿನ ಇಳಿಜಾರು, ಗೋಡೆಗೆ ಏಣಿ ಇಟ್ಟ ಹಾಗೆ. ಅದು ಮೋಟರ್ ಸೈಕಲ್ ಏರಿಸುವ ರ‍್ಯಾಂಪು! ನಮ್ಮ ಕಡೆ ಮನೆ ಮನೆಗೂ ಇರುತ್ತದೆ. ಗಂಡಸರು ಮೆಟ್ಟಿಲ ಮೇಲೆ ಕಾಲಿಟ್ಟು, ಗಾಡಿಯನ್ನು ಮೊದಲ ಗೇರಿನಲ್ಲಿ ಗುರ‍್ರೆನಿಸುತ್ತ ರಾತ್ರಿ ಒಳಗೆ ಹಾಕಿಕೊಳ್ಳುವುದಕ್ಕೆ. ಅಪ್ಪ ರ‍್ಯಾಂಪು ಎಂದು ಕೇಳಿದ್ದ, ಇವನು ತನಗೆ ಗೊತ್ತಿದ್ದ ರ‍್ಯಾಂಪು ಕಟ್ಟಿಸಿದ್ದ.

"ಇದೇನ್ರೀ ಇದು?" ನನ್ನ ದನಿ ಇಡೀ ಸಾಲಿಗೆ ಕೇಳಿಸಿತು. "ಗಾಲಿಕುರ್ಚಿ ಇದರ ಮ್ಯಾಲ ಹತ್ತತೈತೇನ್ರೀ? ನಿಮಗ ಕಣ್ಣ ಅದಾವೋ ಇಲ್ಲೋ?"

"ನಾಲ್ಕ ಮಂದಿ ಮನ್ಯಾಗ ಇರ್ತೀರಲ್ರಿ ಅಕ್ಕೋರ. ಹಿಂದಿಂದ ಒಬ್ರು ನೂಕಿದ್ರ ಹೋಗತೈತಿ," ಅಂದ ಬಿಲ್ಡರ್.

"ನೂಕೂದ ಆದ್ರ ನಿಮ್ಮ ಮನಿ ಯಾಕ ಬೇಕಿತ್ರೀ ನಮಗ?"

ತಂಗಿ ತನ್ನ ಗಾಲಿಕುರ್ಚಿಯನ್ನು ರ‍್ಯಾಂಪಿನ ಬುಡಕ್ಕೆ ತಂದಿದ್ದಳು. ಬೇಡ ಎಂದೆ, ಕೇಳಲಿಲ್ಲ. ಎರಡೂ ಕೈಯಿಂದ ಗಾಲಿ ಹಿಡಿದು ತಳ್ಳಿದಳು. ಮುಂದಿನ ಗಾಲಿ ಏರಿತು, ಹಿಂದಿನದು ಅರ್ಧ ಏರಿತು, ಇಡೀ ಕುರ್ಚಿ ಹಿಂದಕ್ಕೆ ವಾಲಿತು. ನಾನು ಓಡಿ ಹಿಡಿಯದಿದ್ದರೆ ತಲೆ ನೆಲಕ್ಕೆ ಬಡಿಯುತ್ತಿತ್ತು. ಅವಳ ಅಂಗೈ ತರಚಿ ಸೀರೆಯ ಮೇಲೆ ರಕ್ತ ಬಿತ್ತು.

ಅಲ್ಲೇ ಗಾರೆ ಕಲಸುತ್ತಿದ್ದ ಗೌಂಡಿ ಬಾಯಲ್ಲೇ ಗೊಣಗಿದ: "ಕುಣೀಲಾರದಾಕಿ ನೆಲಾ ಡೊಂಕ ಅಂದಳಂತ."

ನನಗೆ ಅವನ ಕೈಯೊಳಗಿನ ಕರಣಿ ಕಸಿದು ಅವನಿಗೇ ಬೀಸಬೇಕೆನಿಸಿತು. ತಂಗಿ ನನ್ನ ಕೈ ಹಿಡಿದು, ಉಸಿರು ಎಳೆದುಕೊಳ್ಳುತ್ತ ಅಂದಳು: "ನೆಲಾ ಡೊಂಕ ಇದ್ದದ್ದಕ್ಕನ ಹಂಗ ಅಂದಾಳೋ ಯಣ್ಣಾ. ಕಟ್ಟಿದಾಂವ ನೀನ ಅಲ್ಲಾ?"

ಗೌಂಡಿ ತಲೆ ತಗ್ಗಿಸಿದ. ಬಿಲ್ಡರ್ ಮಾತ್ರ ತಗ್ಗಲಿಲ್ಲ. ಗಾಲಿಕುರ್ಚಿ ಹತ್ತುವಂತೆ ಮಾಡಬೇಕಾದರೆ ರ‍್ಯಾಂಪು ಗೋಡೆಗುಂಟ ಹೋಗಿ ಹೊರಳಿ ಬರಬೇಕು, ಮುಂದಿನ ಜಾಗವೆಲ್ಲ ಅದಕ್ಕೇ ಹೋಗುತ್ತದೆ, ಸಾಲಿನ ಎಲ್ಲ ಮನೆಗಳ ಎಲಿವೇಶನ್, ಅಂದರೆ ಮುಂದಿನ ನೋಟ, ಒಂದೇ ಥರ ಇದೆ, ಒಂದು ಮನೆ ವಿಚಿತ್ರವಾದರೆ ಉಳಿದವು ಖರ್ಚಾಗುವುದಿಲ್ಲ ಎಂದ. ಕೊನೆಗೆ ಅಪ್ಪನ ಕಡೆ ನೋಡಿ, "ಕಾಕಾ, ನೀವ ಹೇಳ್ರಿ. ನೀವು ರ‍್ಯಾಂಪ ಕೇಳಿದ್ರಿ, ನಾ ರ‍್ಯಾಂಪ ಕೊಟ್ಟೀನಿ. ಬಾಯಿ ಸಿಹಿ ಮಾಡ್ಕೊಂಡೀರೋ ಇಲ್ಲೋ? ಪಾಡ್ಯದ ಮರದಿನಾ ರಜಿಸ್ಟರ್ ಆಗಲಿಲ್ಲಂದ್ರ ಅಥಣಿ ಪಾರ್ಟಿ ಒಂದ ತಯಾರ ಐತಿ, ಅವರಿಗೆ ಕೊಡತೀನಿ," ಎಂದ.

ನಾನು ಅಪ್ಪನ ಮುಖ ನೋಡಿದೆ. ಒಂದು ಮಾತು ಆಡಲಿ ಎಂದು ಕಾದೆ. ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡು ರಸ್ತೆಯ ಕಡೆ ನಡೆದುಬಿಟ್ಟ.

ಮನೆಗೆ ಬಂದ ಮೇಲೆ ನಾನು ಸುಮ್ಮನಿರಲಿಲ್ಲ. ನನ್ನ ನಾಲಿಗೆಗೆ ಮೂಳೆ ಇಲ್ಲ ಎಂದು ಅವ್ವ ಯಾವಾಗಲೂ ಅನ್ನುತ್ತಿದ್ದಳು.

"ಒಂದ ಪೇಡೆಗೆ ಮಗಳ್ನ ಮಾರಿದಿ ಅಪ್ಪಾ," ಅಂದೆ.

"ನಾ ಕೇಳಿದ್ದ ತಪ್ಪಾತು," ಅಂದ ಅಪ್ಪ. "ಅಂವಾ ಮೋಸಾ ಮಾಡಿಲ್ಲ. ಉಂಡ ಬಾಯ್ಲೆ ಹೆಂಗ ಇಲ್ಲಾ ಅನ್ಲಿ?"

"ಹಂಗಾರ ಆಕೀನ ನೀನ ಹೊತ್ಕೊಂಡ ಒಳಗ ಒಯ್ಯಿ. ಇರೂತನಕಾ ಒಯ್ಯಿ!"

ಅಪ್ಪ ನನ್ನನ್ನು ನೋಡಿದ ನೋಟ ನನಗೆ ಇವತ್ತಿಗೂ ಮರೆಯುವುದಿಲ್ಲ. ಅವನು ಉಣ್ಣದೆ ಕಾಗವಾಡದ ಬಸ್ಸು ಹತ್ತಿದ. ತಂಗಿ ಅಂಗೈಗೆ ಬಟ್ಟೆ ಸುತ್ತಿಕೊಂಡು ಹೊಲಿಯಲು ಕೂತಳು. ಅವಳ ಓಣಿಗೆ ಹೋದಾಗಲೆಲ್ಲ ಮಶಿನ್ನಿನ ಸದ್ದು ಮಾತ್ರ. ನಾನು ಕೇಳಿದ್ದಕ್ಕೆ ಹೂಂ, ಊಹೂಂ ಅಷ್ಟೇ. ಆ ಮನೆ ಬಿಟ್ಟರೆ ನಮ್ಮ ಕೈಗೆಟಕುವ ಇನ್ನೊಂದು ಮನೆ ಇರಲಿಲ್ಲ, ಇದು ಅವಳಿಗೂ ಗೊತ್ತಿತ್ತು. ಒಂದು ದಿನ ಮಾತ್ರ ದಾರ ಕಡಿಯುತ್ತ ಅಂದಳು: "ನೂಕಿಸ್ಕೊಂಡ ಹೋಗತೀನಿ ಬಿಡಕ್ಕಾ. ರೂಢಿ ಐತಿ." ಆ ಮಾತು ಕೇಳಿ ನಾನು ಹಿತ್ತಲಿಗೆ ಹೋಗಿ ಅತ್ತೆ.

ಯುಗಾದಿ ಪಾಡ್ಯ ಬಂತು. ಬಿಲ್ಡರನ ಆಫೀಸಿನ ಮುಂದೆ ಶಾಮಿಯಾನ, ಕೋಲಿನ ತುದಿಗೆ ಸೀರೆ, ತಂಬಿಗೆ ಕಟ್ಟಿ ನಿಲ್ಲಿಸಿದ ಹಬ್ಬದ ಎತ್ತರದ ಗುಡಿ, ಸಾಲಾಗಿ ಕುರ್ಚಿ. ರಾಯಬಾಗ, ನಿಪ್ಪಾಣಿ ಕಡೆಯಿಂದೆಲ್ಲ ಬುಕಿಂಗ್ ಮಾಡುವ ಜನ ಬಂದಿದ್ದರು. ಮರುದಿನ ರಜಿಸ್ಟರಿಗೆ ಬರುತ್ತೇವೆ ಎಂದು ಸೋತ ಮುಖದಿಂದ ಹೇಳಿ ಬರಲು ನಾನೂ ತಂಗಿಯೂ ಹೋದೆವು. ತಂಗಿ ಅದೇ ಬೇವಿನ ಗಿಡದ ಕೆಳಗೆ ಸ್ಕೂಟರ್ ನಿಲ್ಲಿಸಿದಳು.

ನಾವು ನೋಡುತ್ತಿದ್ದಂತೆಯೇ ಅಪ್ಪ ಗೇಟಿನೊಳಗೆ ಬಂದ. ಇಸ್ತ್ರಿ ಮಾಡಿದ ಧೋತರ, ಮದುವೆಗೆ ಮಾತ್ರ ಸುತ್ತುವ ಕೆಂಪು ಪಟಕಾ. ಬರುತ್ತೇನೆಂದು ನಮಗೆ ಹೇಳಿರಲಿಲ್ಲ. ಕೈಯಲ್ಲಿ ಪೇಡೆಯ ದೊಡ್ಡ ಡಬ್ಬಿ. ನಮ್ಮ ಕಡೆ ನೋಡದೆ ನೇರ ಶಾಮಿಯಾನದೊಳಗೆ ನಡೆದು, ಬಿಲ್ಡರನ ಮೇಜಿನ ಮೇಲೆ ಡಬ್ಬಿ ಇಟ್ಟ.

"ಬರ್ರಿ ಬರ್ರಿ ಕಾಕಾ! ಹಬ್ಬದ ದಿನಾ ನೀವ್ಯಾಕ ತಂದ್ರಿ?" ಬಿಲ್ಡರ್ ಎದ್ದು ನಿಂತ.

"ತಂದಿಲ್ಲ. ತಿರುಗಿ ಕೊಡಾಕತ್ತೀನಿ," ಅಂದ ಅಪ್ಪ. "ದೀಪಾವಳಿಗೆ ನಿಮ್ಮ ಕೈಯಾನ ಒಂದ ಪೇಡೆ ತಿಂದಿದ್ದೆ. ಇದರಾಗ ಭಾಳ ಅದಾವ. ತಗೋರಿ."

ಶಾಮಿಯಾನದಲ್ಲಿದ್ದವರೆಲ್ಲ ಇತ್ತ ತಿರುಗಿದರು. ನಮ್ಮ ಕಡೆಯವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ತಿಂದ ಸಿಹಿಯನ್ನು ತಿರುಗಿ ಕೊಡುವುದೆಂದರೆ ಆಡಿದ ಮಾತು ಮುರಿದೆ ಎಂದು ಹತ್ತು ಮಂದಿಯ ಮುಂದೆ ಒಪ್ಪಿಕೊಳ್ಳುವುದು. ಕೊಟ್ಟವನಿಗೂ ಅವಮಾನ, ತೆಗೆದುಕೊಂಡವನಿಗೂ ಅವಮಾನ. ಹಾಗೆ ಮಾಡಿದವರ ಸುದ್ದಿ ನಾನು ಕೇಳಿದ್ದೆ, ನೋಡಿರಲಿಲ್ಲ. ಕಾಗವಾಡದ ಕಡೆಯ ಇಬ್ಬರು ದ್ರಾಕ್ಷಿ ತೋಟದವರೂ ಆ ಕುರ್ಚಿಗಳಲ್ಲಿ ಕೂತಿದ್ದರು, ಅಪ್ಪನ ಗುರುತಿನವರು. ಅಪ್ಪ ಅವರನ್ನೂ ನೋಡಿದ್ದ.

"ಕಾಕಾ, ಹಬ್ಬದ ದಿನಾ ಇದೇನ್ರಿ? ಒಳಗ ಬರ್ರಿ, ಕುಂತ ಮಾತಾಡೂಣು," ಬಿಲ್ಡರ್ ದನಿ ಇಳಿಸಿದ.

"ಒಳಗ ಬ್ಯಾಡ. ಒಳಗ ಮೆಟ್ಲ ಅದಾವ, ನನ್ನ ಮಗಳ ಹತ್ತಂಗಿಲ್ಲ. ಮನಿ ಆಕೀ ಹೆಸರ್ಲೆ ಐತಿ. ಮಾತ ಆಕೀ ಕೂಡ ಆಡ್ರಿ. ನಾ ಮಾತ ಮುರದಾಂವ, ನನ್ನ ಕೂಡ ಆಡಬ್ಯಾಡ್ರಿ."

ಬಿಲ್ಡರ್ ಸುತ್ತಲೂ ನೋಡಿದ. ಮೊಬೈಲ್ ಬಡಿದುಕೊಳ್ಳುತ್ತಿತ್ತು, ಎತ್ತಲಿಲ್ಲ. ಚೆಕ್ ಬರೆಯಲು ಪೆನ್ನು ತೆಗೆದಿದ್ದ ಒಬ್ಬ ಹಿರಿಯ, ಪೆನ್ನಿನ ಮುಚ್ಚಳ ಹಾಕಿ ಕಿಸೆಗೆ ಸಿಕ್ಕಿಸಿಕೊಂಡ. ಅದನ್ನು ಬಿಲ್ಡರೂ ನೋಡಿದ. ಆಮೇಲೆ ಬೇವಿನ ಗಿಡದ ಕೆಳಗೆ ಬಂದು ತಂಗಿಯ ಮುಂದೆ ನಿಂತ. ಅವನ ಮುಖ ಸಿಟ್ಟಿನಿಂದ ಕೆಂಪಾಗಿತ್ತು.

"ಏನ ಬೇಕ್ ಹೇಳ್ರಿ ತಾಯಿ."

ತಂಗಿ ಹೇಳಿದಳು: "ಅದನ್ನ ಒಡದ ಹೊಸಾದ ಕಟ್ರಿ. ಗ್ವಾಡಿಗುಂಟ ಹೊಂಟ ಹೊಳ್ಳಿ ಬರ್ಲಿ, ನಿಮ್ಮ ಎಲಿವೇಶನ್ ಹ್ಯಾಂಗರ ಕಾಣ್ಲಿ. ನಾ ಹತ್ತಿ ನೋಡತೀನಿ. ಒಬ್ಬಾಕಿನ ಹತ್ತಿದ್ರ ಮರದಿನಾನ ರಜಿಸ್ಟರ್. ಇಲ್ಲಂದ್ರ ಅಥಣಿಯವ್ರಿಗೆ ಕೊಡ್ರಿ."

"ಖರ್ಚ ಯಾರ ಕೊಡಬೇಕ್ರಿ ಅದಕ್ಕ?"

"ನಿಮ್ಮ ಬಂಗಾರದ ನಾಣ್ಯಾನೂ ನೀವ ಇಟ್ಕೋರಿ," ಅಂದೆ ನಾನು. "ಹಬ್ಬದ್ದು."

ಅವನು ನನ್ನನ್ನು ದುರುಗುಟ್ಟಿ ನೋಡಿದ. ಶಾಮಿಯಾನದ ಕಡೆ ತಿರುಗಿ ನೋಡಿದ. ಅಲ್ಲಿ ಯಾರೂ ಪೇಡೆ ತಿನ್ನುತ್ತಿರಲಿಲ್ಲ. "ಆತು," ಅಂದ. ಡಬ್ಬಿಯ ಕಡೆ ಕೈ ಮಾಡಿ, "ಅದನ್ನ ಮೊದಲ ತಗೊಂಡ ಹೋಗ್ರಿ," ಎಂದ.

"ಅದು ಅಲ್ಲೇ ಇರ್ಲಿ. ಆಕೀ ಹತ್ತಿದ ದಿನಾ ತಗೊಂಡ ಬರ್ರಿ," ಅಂದ ಅಪ್ಪ. ಹೊರಗೆ ಬಂದು ಕಟ್ಟೆಯ ಮೇಲೆ ಕೂತ. ಗುರುತಿನ ಆ ಇಬ್ಬರು ಅವನನ್ನು ಮಾತಾಡಿಸದೆ ದಾಟಿ ಹೋದರು. ನಾನು ಅಪ್ಪನ ಕಾಲ ಬಳಿ ಕೂತೆ. "ನೀರ ಕೊಡವಾ," ಅಂದ. ಕೊಟ್ಟೆ.

ರ‍್ಯಾಂಪು ಒಡೆದು ಕಟ್ಟಿದರು. ಅದೇ ಗೌಂಡಿ ಕಟ್ಟಿದ. ನಡುನಡುವೆ ತಂಗಿಯನ್ನು ಕರೆಸಿ, "ಇಷ್ಟ ಸಾಕೇನ್ರಿ ಅಕ್ಕಾರ?" ಎಂದು ಕೇಳುತ್ತಿದ್ದ. ಗೇಟಿನಿಂದ ಗೋಡೆಗುಂಟ ಹೋಗಿ, ಹೊರಳಿ, ಬಾಗಿಲಿಗೆ ಮುಟ್ಟುವ ಉದ್ದನೆಯ ದಾರಿ. ಚೆಂದವೇನೂ ಇಲ್ಲ, ಮನೆಯ ಮುಖವನ್ನೇ ಅದು ನುಂಗಿಬಿಟ್ಟಿತ್ತು.

ಅವಳು ಹತ್ತುವ ದಿನ ಬಿಲ್ಡರ್ ಬಂದ. ಆ ಡಬ್ಬಿಯ ಪೇಡೆ ಕೆಟ್ಟಿದ್ದವೋ ಏನೋ, ಹೊಸ ಡಬ್ಬಿ ತಂದಿದ್ದ. ಅಪ್ಪ ಅದನ್ನು ಕೈಗೆ ತೆಗೆದುಕೊಂಡು ರ‍್ಯಾಂಪಿನ ಬುಡದಲ್ಲಿ ನಿಂತ. ನಾನು ರೂಢಿಯಂತೆ ಕುರ್ಚಿಯ ಹಿಂದೆ ಹೋಗಿ ಹಿಡಿಕೆಗೆ ಕೈ ಹಾಕಿದೆ. ತಂಗಿ ತಿರುಗಿಯೂ ನೋಡದೆ, "ಬಿಡು," ಅಂದಳು. ಬಿಟ್ಟೆ. ಬಿಟ್ಟ ಕೈ ಎಲ್ಲಿ ಇಟ್ಟುಕೊಳ್ಳಬೇಕೋ ನನಗೆ ಗೊತ್ತಾಗಲಿಲ್ಲ.

ಅವಳು ಗಾಲಿ ತಳ್ಳಿದಳು. ಗೋಡೆಗುಂಟ ಹೋದಳು, ಹೊರಳುವಲ್ಲಿ ಕುರ್ಚಿ ಒಂದು ಕ್ಷಣ ನಿಂತಿತು. ಅಪ್ಪ ಒಂದು ಹೆಜ್ಜೆ ಮುಂದಿಟ್ಟು ಅಲ್ಲೇ ತಡೆದ. ಅವಳು ಮತ್ತೆ ತಳ್ಳಿದಳು. ಹೊಸ್ತಿಲು ಗಾಲಿಯ ಕೆಳಗೆ ಇದ್ದೂ ಇಲ್ಲದಂತೆ ದಾಟಿತು. ಒಳಗೆ ಹೋದಳು. ಆಮೇಲೆ ಏನು ತಿಳಿಯಿತೋ, ಒಳಗಿನಿಂದ ಬಾಗಿಲು ಎಳೆದು ಮುಚ್ಚಿಕೊಂಡಳು.

ನಾವು ಮೂವರೂ ಹೊರಗೆ ನಿಂತೆವು. ಒಳಗೆ ಸದ್ದೇ ಇಲ್ಲ. ಬಿದ್ದಳೋ ಏನೋ ಎಂದು ನಾನು ಓಡಿ ಹೋಗಿ ಬಾಗಿಲು ಬಡಿದೆ.

"ಯಾರ್ರೀ?" ಒಳಗಿನಿಂದ ಕೇಳಿದಳು. ಅಳುತ್ತಿದ್ದಳು, ದನಿಯಲ್ಲೇ ತಿಳಿಯಿತು.

ಹುಟ್ಟಿದಾಗಿನಿಂದ ಅವಳನ್ನು ಒಳಗೆ ಎತ್ತಿ ಒಯ್ದವರು ನಾವು. ಒಳಗಿನಿಂದ ಅವಳು ನಮ್ಮನ್ನು ಯಾರು ಎಂದು ಕೇಳಿದ್ದು ಅದೇ ಮೊದಲು. ಕೆಳಗಿನಿಂದ ಅಪ್ಪ ಗಂಟಲು ಸರಿಮಾಡಿಕೊಂಡು ಹೇಳಿದ: "ನಾವವಾ. ನಿಮ್ಮಪ್ಪ, ನಿಮ್ಮಕ್ಕ. ಪೇಡೆ ತಂದೀವಿ."

ಬಾಗಿಲು ತೆರೆಯಿತು. "ಬರ್ರಿ ಒಳಗ," ಅಂದಳು.

ಅಪ್ಪ ಚಪ್ಪಲಿ ಕಳಚಿ, ಮೆಟ್ಟಿಲು ಬಿಟ್ಟು, ರ‍್ಯಾಂಪಿನ ಮೇಲೆಯೇ ನಡೆದು ಬಂದ.